ಬ್ರೂನೋ ಕ್ರೈಸ್ಕಿ: ಸಣ್ಣ ರಾಷ್ಟ್ರವೊಂದರ ಶಾಂತಿಯತ್ನ

ಮಹನೀಯರ ಜೀವನವನ್ನು ಬರೆಯಹೊರಟಾಗ ನಾವು ಸಾಮಾನ್ಯವಾಗಿ ಗೆದ್ದವರನ್ನೇ ಆರಿಸಿಕೊಳ್ಳುತ್ತೇವೆ. ರಾಜ್ಯ ಕಟ್ಟಿದವರು, ಯುದ್ಧ ಮುಗಿಸಿದವರು, ಹಿಡಿದ ಕಾರ್ಯವನ್ನು ಕಣ್ಣೆದುರೇ ಸಾಧಿಸಿದವರು ಚರಿತ್ರಕಾರರಿಗೆ ಸುಲಭವಾಗಿ ಒದಗುತ್ತಾರೆ. ಕೈಗೊಂಡ ಕೆಲಸ ತಮ್ಮ ಕಾಲದಲ್ಲಿ ಪೂರೈಸದೆ ಹೋದವರ ಬದುಕು ಅಷ್ಟು ಸುಲಭವಾಗಿ ಬರೆವಣಿಗೆಗೆ ಒಗ್ಗುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ರಾಜಕೀಯ ಇತಿಹಾಸದಲ್ಲಿ ಇಂಥವರ ಪಾಲು ಅಲಕ್ಷಿಸುವಂಥದಲ್ಲ. 1970ರಿಂದ 1983ರವರೆಗೆ ಹದಿಮೂರು ವರ್ಷ ಆಸ್ಟ್ರಿಯಾದ ಚಾನ್ಸಲರ್ ಆಗಿದ್ದ ಬ್ರೂನೋ ಕ್ರೈಸ್ಕಿ ಈ ಬಗೆಯ ರಾಜಕಾರಣಿ.

ಕ್ರೈಸ್ಕಿಯವರು ಹುಟ್ಟಿನಿಂದ ಯಹೂದಿ. ಹಿಟ್ಲರನ ಆಳ್ವಿಕೆಯಲ್ಲಿ ಅವರ ಬಂಧುವರ್ಗದ ಅನೇಕರು ಕೊಲ್ಲಲ್ಪಟ್ಟರು. ಅವರ ಅಣ್ಣ ಪೌಲ್ ಪ್ಯಾಲೆಸ್ಟೈನಿಗೆ ವಲಸೆ ಹೋಗಿ ಜೆರುಸಲೇಮಿನಲ್ಲಿ ನೆಲೆಸಿದರು. ಇಂಥ ಹಿನ್ನೆಲೆಯ ವ್ಯಕ್ತಿಯ ನೇತೃತ್ವದ ಸರ್ಕಾರವೇ 1980ರಲ್ಲಿ ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಗೆ, ಅಂದರೆ ಪಿ.ಎಲ್.ಓ.ಗೆ, ಪಾಶ್ಚಾತ್ಯ ಪ್ರಜಾಪ್ರಭುತ್ವಗಳ ಪೈಕಿ ಮೊಟ್ಟಮೊದಲು ವಿಧ್ಯುಕ್ತ ರಾಜತಾಂತ್ರಿಕ ಮಾನ್ಯತೆ ನೀಡಿತು. ಇಸ್ರೇಲ್ ಉಳಿಯಬೇಕು, ಅದರ ಪಕ್ಕದಲ್ಲಿ ಪ್ಯಾಲೆಸ್ಟೀನಿಯರಿಗೂ ಒಂದು ರಾಷ್ಟ್ರ ಇರಬೇಕು, ಇದು ಸಂಧಾನದಿಂದಲೇ ಆಗಬೇಕು ಎಂಬ ನಿಲುವನ್ನು ಅವರು ಜೀವನದ ಕಡೆಯ ಹದಿನೈದು ವರ್ಷಗಳಲ್ಲಿ ಬಿಡಲಿಲ್ಲ. ಸೈನ್ಯಬಲವಿಲ್ಲದ, ಎಪ್ಪತ್ತೈದು ಲಕ್ಷ ಜನಸಂಖ್ಯೆಯ ಒಂದು ದೇಶ ಇಷ್ಟು ದೂರದ ಜಗಳದಲ್ಲಿ ಏಕೆ ತೊಡಗಿತು? ಅದಕ್ಕಾಗಿ ಏನು ಬೆಲೆ ತೆತ್ತಿತು? ಈ ಪ್ರಶ್ನೆಗಳಿಗೆ ಉತ್ತರ ಆ ಮನುಷ್ಯನ ಬದುಕಿನಲ್ಲಿಯೇ ದೊರೆಯುತ್ತದೆ ಎಂಬುದು ಪ್ರಸ್ತುತ ಲೇಖನದ ನಂಬಿಕೆ.

ಬಾಲ್ಯ ಮತ್ತು ಸೆರೆವಾಸ

ಬ್ರೂನೋ ಕ್ರೈಸ್ಕಿ 1911ರ ಜನವರಿ 22ರಂದು ವಿಯೆನ್ನಾ ನಗರದಲ್ಲಿ ಜನಿಸಿದರು. ತಂದೆ ಮ್ಯಾಕ್ಸ್ ಕ್ರೈಸ್ಕಿ ಜವಳಿ ಉದ್ಯಮದಲ್ಲಿದ್ದವರು. ತಾಯಿ ಇರೇನೆ ಮೊರೇವಿಯಾ ಪ್ರಾಂತದ ಅನುಕೂಲಸ್ಥ ಮನೆತನದವರು. ಆಗ ವಿಯೆನ್ನಾ ಹತ್ತಾರು ಭಾಷೆಗಳ ಜನ ಸೇರಿ ಬದುಕುತ್ತಿದ್ದ ವಿಶಾಲ ಸಾಮ್ರಾಜ್ಯದ ರಾಜಧಾನಿ. ಹುಡುಗ ಏಳು ವರ್ಷದವನಾಗುವಷ್ಟರಲ್ಲಿ ಮೊದಲ ಮಹಾಯುದ್ಧ ಮುಗಿದು ಸಾಮ್ರಾಜ್ಯ ಒಡೆದುಹೋಯಿತು. ಉಳಿದದ್ದು ದೊಡ್ಡ ರಾಜಧಾನಿಯನ್ನು ಹೊತ್ತ ಒಂದು ಪುಟ್ಟ ಗಣರಾಜ್ಯ. ತಮ್ಮ ದೇಶ ತಮ್ಮ ಕಣ್ಣೆದುರೇ ಕುಗ್ಗಿದ್ದನ್ನು ಕಂಡ ಪೀಳಿಗೆ ಅದು.

ಸಿರಿವಂತ ಮನೆಯ ಹುಡುಗ ಹದಿಹರೆಯದಲ್ಲಿಯೇ ಸಮಾಜವಾದಿ ಯುವಜನ ಚಳವಳಿಗೆ ಸೇರಿದನು. ಕಾರ್ಮಿಕರ ಮಕ್ಕಳೇ ತುಂಬಿದ್ದ ಆ ಸಂಘಟನೆಯಲ್ಲಿ ಅವನನ್ನು ಮೊದಮೊದಲು ಅನುಮಾನದಿಂದ ನೋಡಿದವರೂ ಉಂಟು. 1931ರಲ್ಲಿ ಕ್ರೈಸ್ಕಿ ಯಹೂದಿ ಧಾರ್ಮಿಕ ಸಮುದಾಯದಿಂದ ಹೊರಬಂದರು. ಧರ್ಮಶ್ರದ್ಧೆ ಅವರಿಗೆ ಇರಲಿಲ್ಲ. ಆದರೆ ತಮ್ಮ ಹುಟ್ಟನ್ನು ಮರೆಮಾಚಲು ಅವರು ಎಂದೂ ಯತ್ನಿಸಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನಪಿಡುವುದು ಅಗತ್ಯ. ಮುಂದೆ ಅವರ ಮೇಲೆ ಬಂದ ಆರೋಪಗಳೆಲ್ಲ ಈ ಎರಡರ ನಡುವಿನ ತೆರಪಿನಿಂದಲೇ ಹುಟ್ಟಿದವು.

1934ರ ಫೆಬ್ರವರಿಯಲ್ಲಿ ಆಸ್ಟ್ರಿಯಾದಲ್ಲಿ ಅಂತರ್ಯುದ್ಧ ನಡೆದು ಸಮಾಜವಾದಿ ಪಕ್ಷ ನಿಷೇಧಕ್ಕೊಳಗಾಯಿತು. ಕ್ರೈಸ್ಕಿ ಭೂಗತ ಚಟುವಟಿಕೆಯಲ್ಲಿ ತೊಡಗಿ, 1935ರ ಜನವರಿಯಲ್ಲಿ ಬಂಧಿತರಾದರು. 1936ರಲ್ಲಿ ನಡೆದ ವಿಚಾರಣೆಯಲ್ಲಿ ರಾಜದ್ರೋಹದ ಆರೋಪವನ್ನು ಎದುರಿಸಿ, ಒಂದು ವರ್ಷದ ಶಿಕ್ಷೆಗೆ ಗುರಿಯಾದರು. ಅದೇ ಕಾಲದಲ್ಲಿ ನಾಜಿ ಪಕ್ಷವೂ ಆಸ್ಟ್ರಿಯಾದಲ್ಲಿ ನಿಷಿದ್ಧವಾಗಿತ್ತು. ಹಾಗಾಗಿ ಸೆರೆಮನೆಯ ಕೋಣೆಗಳಲ್ಲಿ ಸಮಾಜವಾದಿಗಳೂ ನಾಜಿಗಳೂ ಒಂದೆಡೆ ಇರಬೇಕಾಗುತ್ತಿತ್ತು. ಹೊರಗೆ ಎದುರಾದರೆ ಕೈಮಿಲಾಯಿಸಬೇಕಾದ ಶತ್ರುವಿನೊಡನೆ ಒಂದೇ ಕೋಣೆಯಲ್ಲಿ ತಿಂಗಳುಗಟ್ಟಲೆ ಕಳೆದ ಅನುಭವ ಅವರ ಮನಸ್ಸಿನಲ್ಲಿ ಆಳವಾಗಿ ನೆಲೆಗೊಂಡಿತು. ಎದುರಾಳಿಯ ವಿಚಾರವನ್ನು ತಿರಸ್ಕರಿಸುತ್ತಲೇ ಎದುರಾಳಿಯೊಡನೆ ಮಾತಾಡಬಹುದೆಂಬುದನ್ನು ಅವರು ಕಲಿತದ್ದು ಗ್ರಂಥಗಳಿಂದಲ್ಲ.

1938ರ ಮಾರ್ಚಿಯಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ಪ್ರವೇಶಿಸಿದಾಗ ಕ್ರೈಸ್ಕಿ ಕಾನೂನು ಪದವಿಯ ಕೊನೆಯ ಪರೀಕ್ಷೆಗಳಲ್ಲಿದ್ದರು. ಕೆಲವೇ ದಿನಗಳಲ್ಲಿ ಗೆಸ್ಟಪೊ ಅವರನ್ನು ಬಂಧಿಸಿತು. ದೇಶ ಬಿಟ್ಟುಹೋಗಬೇಕೆಂಬ ಷರತ್ತಿನ ಮೇಲೆ ಕೆಲವು ತಿಂಗಳ ಬಳಿಕ ಬಿಡುಗಡೆಯಾಯಿತು. ಸಮಾಜವಾದಿ ಗೆಳೆಯರ ನೆರವಿನಿಂದ ಅವರು ಆ ವರ್ಷದ ಶರತ್ಕಾಲದಲ್ಲಿ ಸ್ವೀಡನ್ ಸೇರಿದರು.

ಪರದೇಶವಾಸ ಮತ್ತು ಮರಳುವಿಕೆ

ಸ್ಟಾಕ್‌ಹೋಮಿನಲ್ಲಿ ಕ್ರೈಸ್ಕಿ ಸಹಕಾರ ಸಂಘವೊಂದರಲ್ಲಿ ಉದ್ಯೋಗ ಹಿಡಿದು, ಜೊತೆಗೆ ಪತ್ರಿಕಾ ಬರೆಹಗಳನ್ನೂ ಮಾಡಿದರು. 1942ರಲ್ಲಿ ವೆರಾ ಫ್ಯೂರ್ತ್ ಅವರನ್ನು ವಿವಾಹವಾದರು. ಪೀಟರ್ ಎಂಬ ಮಗನೂ ಸುಸಾನೆ ಎಂಬ ಮಗಳೂ ಜನಿಸಿದರು. ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ವಿಲ್ಲಿ ಬ್ರಾಂಟ್ ಎಂಬ ತರುಣನ ಸ್ನೇಹ ದೊರೆತದ್ದೂ ಅಲ್ಲಿಯೇ. ಮುಂದೆ ಒಬ್ಬರು ಪಶ್ಚಿಮ ಜರ್ಮನಿಯ ಚಾನ್ಸಲರ್, ಇನ್ನೊಬ್ಬರು ಆಸ್ಟ್ರಿಯಾದ ಚಾನ್ಸಲರ್ ಆದರು. ಆಗ ಇಬ್ಬರೂ ನೆಲೆಯಿಲ್ಲದ ನಿರಾಶ್ರಿತರು.

ಸ್ವೀಡನ್ ಅವರಿಗೆ ಎರಡು ಸಂಗತಿಗಳನ್ನು ತೋರಿಸಿತು. ಜನಹಿತದ ಆಡಳಿತವನ್ನು ಪ್ರಜಾಪ್ರಭುತ್ವದ ಚೌಕಟ್ಟಿನಲ್ಲಿಯೇ ಕಟ್ಟಬಹುದೆಂಬುದು ಒಂದು. ಸಣ್ಣ ದೇಶವೊಂದು ಯಾವ ಬಣಕ್ಕೂ ಸೇರದೆ ಘನತೆಯಿಂದ ಬಾಳಬಹುದು, ಓಡಿಬಂದವರಿಗೆ ಆಸರೆಯೂ ಆಗಬಹುದು ಎಂಬುದು ಮತ್ತೊಂದು. ಯುದ್ಧಾನಂತರ ಆಸ್ಟ್ರಿಯಾದ ವಿದೇಶಾಂಗ ಸೇವೆಗೆ ಸೇರಿ ಸ್ಟಾಕ್‌ಹೋಮಿನ ದೂತಾವಾಸದಲ್ಲಿಯೇ ಕೆಲಸ ಮಾಡಿದ ಕ್ರೈಸ್ಕಿ, 1951ರಲ್ಲಿ ಸಂಸಾರಸಮೇತ ವಿಯೆನ್ನಾಕ್ಕೆ ಮರಳಿದರು. ತಮ್ಮ ಬಂಧುಗಳನ್ನು ಕೊಂದವರಿಗೆ ಜಯಕಾರ ಕೂಗಿದ ಜನರೂ ಆ ಊರಿನ ಬೀದಿಗಳಲ್ಲಿದ್ದರು. ಅಂಥ ಊರಿಗೆ ಹಿಂತಿರುಗಿ, ಅದೇ ಜನರ ಮತ ಕೇಳಿ, ಅವರ ನಾಯಕನಾಗುವುದು ಸಾಮಾನ್ಯ ಸಂಗತಿಯಲ್ಲ.

ಸಂಧಾನದ ಎರಡು ಪಾಠಗಳು

ಆಗ ಆಸ್ಟ್ರಿಯಾ ಅಮೆರಿಕ, ಬ್ರಿಟನ್, ಫ್ರಾನ್ಸ್ ಮತ್ತು ಸೋವಿಯತ್ ಒಕ್ಕೂಟ ಎಂಬ ನಾಲ್ಕು ಶಕ್ತಿಗಳ ವಶದಲ್ಲಿತ್ತು. 1953ರಲ್ಲಿ ವಿದೇಶಾಂಗ ವ್ಯವಹಾರದ ರಾಜ್ಯ ಕಾರ್ಯದರ್ಶಿಯಾದ ಕ್ರೈಸ್ಕಿಯವರ ಮುಂದಿದ್ದ ಮೊದಲ ಕಾರ್ಯವೆಂದರೆ ಈ ಪರಸೈನ್ಯಗಳ ನಿರ್ಗಮನ. ಇಲ್ಲಿ ಭಾರತದ ಪಾತ್ರವೂ ಒಂದು ಉಂಟೆಂಬುದು ನಮ್ಮ ಓದುಗರಿಗೆ ಕುತೂಹಲ ತರಬಹುದು. 1953ರ ಜೂನ್ ತಿಂಗಳಲ್ಲಿ ಆಸ್ಟ್ರಿಯಾದ ವಿದೇಶಾಂಗ ಸಚಿವ ಕಾರ್ಲ್ ಗ್ರೂಬರ್ ಸ್ವಿಟ್ಜರ್ಲೆಂಡಿನಲ್ಲಿ ಜವಾಹರಲಾಲ್ ನೆಹರೂ ಅವರನ್ನು ಕಂಡು, ಮಾಸ್ಕೋದೊಡನೆ ತಮ್ಮ ಪರವಾಗಿ ಮಾತಾಡಬೇಕೆಂದು ಕೇಳಿಕೊಂಡರು. ಮಾಸ್ಕೋದಲ್ಲಿದ್ದ ಭಾರತದ ರಾಯಭಾರಿ ಕೆ.ಪಿ.ಎಸ್. ಮೆನನ್ ಅವರು ತಟಸ್ಥ ಆಸ್ಟ್ರಿಯಾದ ವಿಚಾರವನ್ನು ಮೊಲೊಟೊವ್ ಅವರ ಮುಂದಿಟ್ಟರು. ಫಲ ಕೂಡಲೇ ದೊರೆಯಲಿಲ್ಲ. ಆದರೆ ಎರಡು ವರ್ಷಗಳ ಬಳಿಕ ಬೀಗ ತೆರೆದದ್ದು ಅದೇ ತಟಸ್ಥ ನೀತಿಯೆಂಬ ಕೀಲಿಕೈಯಿಂದ. 1955ರ ಏಪ್ರಿಲ್‌ನಲ್ಲಿ ಮಾಸ್ಕೋಗೆ ತೆರಳಿದ ಆಸ್ಟ್ರಿಯಾದ ನಿಯೋಗದಲ್ಲಿ ಕ್ರೈಸ್ಕಿಯೂ ಇದ್ದರು. ಮೇ 15ರಂದು ವಿಯೆನ್ನಾದ ಬೆಲ್ವೆಡೇರ್ ಅರಮನೆಯಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಅಕ್ಟೋಬರ್ 26ರಂದು ಸಂಸತ್ತು ಶಾಶ್ವತ ತಟಸ್ಥ ನೀತಿಯ ಶಾಸನವನ್ನು ಅಂಗೀಕರಿಸಿತು. ಗುಂಡು ಹಾರಿಸದೆ, ಮಾತಿನಿಂದಲೇ ನಾಲ್ಕು ಸೈನ್ಯಗಳನ್ನು ಹೊರಗೆ ಕಳಿಸಿದ ದೇಶದ ಪ್ರತಿನಿಧಿಗೆ ಸಂಧಾನದಲ್ಲಿ ನಂಬಿಕೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಎರಡನೆಯ ಪಾಠ ದಕ್ಷಿಣ ಟಿರೋಲಿನದು. ಮೊದಲ ಮಹಾಯುದ್ಧದ ತರುವಾಯ ಇಟಲಿಗೆ ಸೇರಿದ ಈ ಪರ್ವತಪ್ರಾಂತದ ಬಹುಸಂಖ್ಯಾತರು ಜರ್ಮನ್ ಭಾಷಿಕರು. ಶಾಲೆ, ಕಚೇರಿ, ಊರಿನ ಹೆಸರು ಎಲ್ಲದರಲ್ಲಿಯೂ ತಮ್ಮ ಭಾಷೆಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂಬ ನೋವು ಅವರದು. ನಾಡಿನ ಹೊರಗೆ ನೆಲೆಸಿ ನುಡಿಯನ್ನು ಉಳಿಸಿಕೊಂಡು ಬಂದಿರುವ ನಮ್ಮಂಥವರಿಗೆ ಈ ನೋವನ್ನು ವಿವರಿಸಿ ಹೇಳಬೇಕಾದುದಿಲ್ಲ. 1959ರಲ್ಲಿ ವಿದೇಶಾಂಗ ಸಚಿವರಾದ ಕ್ರೈಸ್ಕಿ, ಮರುವರ್ಷ ಈ ಪ್ರಶ್ನೆಯನ್ನು ವಿಶ್ವಸಂಸ್ಥೆಯ ಮಹಾಸಭೆಗೆ ಒಯ್ದರು. ಉಭಯ ದೇಶಗಳು ಮಾತುಕತೆಯಿಂದ ಪರಿಹಾರ ಕಾಣಬೇಕೆಂದು ಮಹಾಸಭೆ ನಿರ್ಣಯಿಸಿತು. ನಡುವೆ ಟಿರೋಲಿನಲ್ಲಿ ಬಾಂಬುಗಳು ಸಿಡಿದವು. ಮಾತುಕತೆಗಳು ಮುರಿದು ಮತ್ತೆ ಕೂಡಿದವು. 1969ರಲ್ಲಿ ಒಪ್ಪಂದದ ರೂಪರೇಷೆ ಸಿದ್ಧವಾಯಿತು, 1972ರಲ್ಲಿ ಸ್ವಾಯತ್ತತೆಯ ಹೊಸ ಶಾಸನ ಜಾರಿಗೆ ಬಂತು. ವಿವಾದ ಮುಗಿಯಿತೆಂದು ಆಸ್ಟ್ರಿಯಾ ವಿಧ್ಯುಕ್ತವಾಗಿ ಸಾರಿದ್ದು 1992ರಲ್ಲಿ. ಅಷ್ಟು ಹೊತ್ತಿಗೆ ಕ್ರೈಸ್ಕಿ ತೀರಿಕೊಂಡು ಎರಡು ವರ್ಷಗಳಾಗಿದ್ದವು. ನೆಲದ ಮೇಲೆ ಎರಡು ಜನಾಂಗಗಳ ಹಕ್ಕು ಇರುವೆಡೆ ಪರಿಹಾರಕ್ಕೆ ಒಂದು ತಲೆಮಾರು ಹಿಡಿಯಬಹುದೆಂಬುದಕ್ಕೆ ಇದು ಸಾಕ್ಷಿ.

ಮಾರ್ಶೆಗ್ ಪ್ರಕರಣ

1967ರಲ್ಲಿ ಪಕ್ಷದ ಅಧ್ಯಕ್ಷರಾಗಿ, 1970ರ ಏಪ್ರಿಲ್‌ನಲ್ಲಿ ಅಲ್ಪಸಂಖ್ಯಾತ ಸರ್ಕಾರದ ಚಾನ್ಸಲರ್ ಆಗಿ ಕ್ರೈಸ್ಕಿ ಅಧಿಕಾರ ವಹಿಸಿಕೊಂಡರು. 1971, 1975 ಮತ್ತು 1979ರ ಚುನಾವಣೆಗಳಲ್ಲಿ ಪಕ್ಷಕ್ಕೆ ಪೂರ್ಣ ಬಹುಮತ ದೊರೆಯಿತು. ಕುಟುಂಬ ಕಾನೂನಿನ ಸುಧಾರಣೆ, ವಿದ್ಯಾರ್ಥಿಗಳಿಗೆ ಉಚಿತ ಪಠ್ಯಪುಸ್ತಕ, ವಿಶ್ವವಿದ್ಯಾಲಯ ಶುಲ್ಕದ ರದ್ದತಿ ಮುಂತಾದವು ಆ ಕಾಲದ ಸಾಧನೆಗಳು. ಚಾನ್ಸಲರರ ಮನೆಯ ದೂರವಾಣಿ ಸಂಖ್ಯೆ ಸಾರ್ವಜನಿಕ ಡೈರೆಕ್ಟರಿಯಲ್ಲಿಯೇ ಅಚ್ಚಾಗಿರುತ್ತಿತ್ತು. ಯಾರು ಬೇಕಾದರೂ ಕರೆ ಮಾಡಬಹುದಿತ್ತು. ಈ ಸಂಗತಿಯನ್ನು ವಿಯೆನ್ನಾದ ಹಿರಿಯರು ಇಂದಿಗೂ ನೆನೆಯುತ್ತಾರೆ.

ಪಶ್ಚಿಮ ಏಷ್ಯಾದ ಕಲಹ ಅವರ ಬಾಗಿಲಿಗೇ ಬಂದದ್ದು 1973ರಲ್ಲಿ. ಸೋವಿಯತ್ ಒಕ್ಕೂಟದಿಂದ ವಲಸೆ ಹೊರಡುತ್ತಿದ್ದ ಯಹೂದಿಗಳಿಗೆ ಆಸ್ಟ್ರಿಯಾವೇ ಹೆಬ್ಬಾಗಿಲು. ವರ್ಷಗಳುದ್ದಕ್ಕೂ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಈ ಮಾರ್ಗವಾಗಿ ಸಾಗಿದರು. ಆ ವರ್ಷ ಸೆಪ್ಟೆಂಬರ್ 28ರಂದು ಗಡಿಯೂರಾದ ಮಾರ್ಶೆಗ್‌ನಲ್ಲಿ ಇಬ್ಬರು ಪ್ಯಾಲೆಸ್ಟೀನಿ ಬಂದೂಕುಧಾರಿಗಳು ರೈಲಿನಿಂದ ಮೂವರು ಯಹೂದಿ ವಲಸಿಗರನ್ನೂ ಒಬ್ಬ ಆಸ್ಟ್ರಿಯನ್ ಸುಂಕದ ಅಧಿಕಾರಿಯನ್ನೂ ಒತ್ತೆಯಾಳಾಗಿ ಹಿಡಿದರು. ವಲಸಿಗರ ತಂಗುದಾಣವಾಗಿದ್ದ ಶ್ಯೋನೌ ಕೋಟೆಯನ್ನು ಮುಚ್ಚುವುದಾಗಿ ಒಪ್ಪಿ ಕ್ರೈಸ್ಕಿ ನಾಲ್ವರ ಪ್ರಾಣ ಉಳಿಸಿದರು. ಇಸ್ರೇಲಿನ ಪ್ರಧಾನಿ ಗೋಲ್ಡಾ ಮೀರ್ ಕೋಪದಿಂದ ವಿಯೆನ್ನಾಕ್ಕೇ ಬಂದು ನಿರ್ಧಾರ ಬದಲಿಸಬೇಕೆಂದು ಒತ್ತಾಯಿಸಿದರು. ಕ್ರೈಸ್ಕಿ ಮಣಿಯಲಿಲ್ಲ. ಅಲ್ಲಿ ತಮಗೆ ಒಂದು ಲೋಟ ನೀರನ್ನೂ ಕೊಡಲಿಲ್ಲವೆಂದು ಆಕೆ ಆಮೇಲೆ ದೂರಿದರೆಂಬುದು ಬಹಳ ಪ್ರಚಾರ ಪಡೆಯಿತು. ವಾಸ್ತವದಲ್ಲಿ ಕೋಟೆ ಮುಚ್ಚಿದರೂ ಹಾದಿ ಮುಚ್ಚಲಿಲ್ಲ. ಬೇರೆ ಸ್ಥಳಗಳ ಮೂಲಕ ಯಹೂದಿಗಳ ವಲಸೆ ಮುಂದುವರಿಯಿತು. ಬೆದರಿಕೆಗೆ ಬಾಗಿದವರೆಂಬ ಅಪವಾದ ಮಾತ್ರ ಕ್ರೈಸ್ಕಿಯವರ ಹೆಗಲಿಗೆ ಅಂಟಿಕೊಂಡಿತು. ಕೆಲವೇ ದಿನಗಳಲ್ಲಿ, ಅಕ್ಟೋಬರ್ 6ರಂದು, ಈಜಿಪ್ಟ್ ಮತ್ತು ಸಿರಿಯಾಗಳು ಇಸ್ರೇಲಿನ ಮೇಲೆ ಯುದ್ಧ ಸಾರಿದವು.

ಮಾನ್ಯತೆಯ ಹಾದಿ

ಈ ಹಂತದಲ್ಲಿ ವಿವಾದದ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ನೆನೆಯುವುದು ಉಚಿತ. 1947ರ ನವೆಂಬರ್ 29ರಂದು ವಿಶ್ವಸಂಸ್ಥೆ ಪ್ಯಾಲೆಸ್ಟೈನನ್ನು ಒಂದು ಯಹೂದಿ ಹಾಗೂ ಒಂದು ಅರಬ್ ರಾಷ್ಟ್ರವಾಗಿ ವಿಭಜಿಸುವ ನಿರ್ಣಯ ಅಂಗೀಕರಿಸಿತು. ಪರವಾಗಿ 33, ವಿರೋಧವಾಗಿ 13 ಮತಗಳು ಬಿದ್ದವು. ಒಕ್ಕೂಟ ರಾಷ್ಟ್ರವಿರಲಿ ಎಂಬ ನಿಲುವಿನ ಭಾರತ ವಿರೋಧಿಸಿದವರಲ್ಲಿತ್ತು. 1948ರ ಯುದ್ಧದಲ್ಲಿ ಇಸ್ರೇಲ್ ನೆಲೆಗೊಂಡಿತು. ಅರಬ್ ರಾಷ್ಟ್ರ ಹುಟ್ಟಲಿಲ್ಲ. ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು. 1967ರ ಯುದ್ಧದಲ್ಲಿ ಪಶ್ಚಿಮ ದಂಡೆ ಮತ್ತು ಗಾಜಾಗಳೂ ಇಸ್ರೇಲಿನ ಹಿಡಿತಕ್ಕೆ ಹೋದವು. ಇಸ್ರೇಲಿನ ಅಸ್ತಿತ್ವವನ್ನು ಪಿ.ಎಲ್.ಓ. ಒಪ್ಪುತ್ತಿರಲಿಲ್ಲ, ಪ್ಯಾಲೆಸ್ಟೀನಿಯರು ಒಂದು ಜನಾಂಗವೆಂಬುದನ್ನೇ ಇಸ್ರೇಲಿನ ನಾಯಕರು ಒಪ್ಪುತ್ತಿರಲಿಲ್ಲ. ಹೀಗೆ ಒಬ್ಬರ ಇರವನ್ನು ಇನ್ನೊಬ್ಬರು ಅಲ್ಲಗಳೆಯುತ್ತಿರುವಷ್ಟು ಕಾಲ ಗಡಿರೇಖೆಗಳ ಚರ್ಚೆ ನಿರರ್ಥಕ.

1973ರ ಯುದ್ಧದ ತರುವಾಯ ಸೋಷಲಿಸ್ಟ್ ಇಂಟರ್‌ನ್ಯಾಷನಲ್ ಎಂಬ ಸಮಾಜವಾದಿ ಪಕ್ಷಗಳ ಒಕ್ಕೂಟ ಒಂದು ಸತ್ಯಶೋಧನ ನಿಯೋಗವನ್ನು ರಚಿಸಿ, ಅದರ ನೇತೃತ್ವವನ್ನು ಕ್ರೈಸ್ಕಿಯವರಿಗೆ ಒಪ್ಪಿಸಿತು. 1974, 1975 ಮತ್ತು 1976ರಲ್ಲಿ ಮೂರು ಬಾರಿ ಈ ನಿಯೋಗ ಅರಬ್ ರಾಷ್ಟ್ರಗಳಲ್ಲಿ ಸಂಚರಿಸಿತು, ಇಸ್ರೇಲಿಗೂ ಹೋಗಿಬಂತು. 1974ರ ಮಾರ್ಚಿಯಲ್ಲಿ ಕೈರೋದಲ್ಲಿ ಕ್ರೈಸ್ಕಿ ಮೊದಲ ಬಾರಿಗೆ ಯಾಸಿರ್ ಅರಾಫತರನ್ನು ಕಂಡರು. ಕಲಹದ ತಿರುಳು ಪ್ಯಾಲೆಸ್ಟೀನಿಯರ ಪ್ರಶ್ನೆಯಲ್ಲಿದೆ, ಅವರನ್ನು ಬಿಟ್ಟು ಅರಬ್ ಸರ್ಕಾರಗಳೊಡನೆ ಎಷ್ಟು ಒಪ್ಪಂದ ಮಾಡಿಕೊಂಡರೂ ಶಾಂತಿ ನಿಲ್ಲದು ಎಂಬ ಅಭಿಪ್ರಾಯ ಈ ಪ್ರವಾಸಗಳಲ್ಲಿ ಗಟ್ಟಿಯಾಯಿತು.

ಆಸ್ಟ್ರಿಯಾದ ಸರ್ಕಾರ ಮುಂದೆ ಕೈಗೊಂಡ ಕಾರ್ಯಗಳೆಲ್ಲ ಈ ಅಭಿಪ್ರಾಯದ ವಿಸ್ತರಣೆಗಳೇ. ಅದರ ಬಳಿ ಕೊಡಲು ಸೈನ್ಯವಾಗಲಿ ಹೇರಳ ಹಣವಾಗಲಿ ಇರಲಿಲ್ಲ. ತಟಸ್ಥ ನೆಲ, ಒಂದು ಕೋಣೆ, ಒಂದು ಮೇಜು ಇದ್ದವು. ಅತಿಥಿಗಳಾಗಿ ಬಂದವರಿಗೆ ಗೌರವ ತೋರುವ ಸ್ವಾತಂತ್ರ್ಯ ಇತ್ತು. 1975ರ ಜೂನ್‌ನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದಾತ್ ಮತ್ತು ಅಮೆರಿಕದ ಅಧ್ಯಕ್ಷ ಫೋರ್ಡ್ ಸಾಲ್ಸ್‌ಬರ್ಗ್ ನಗರದಲ್ಲಿ ಭೇಟಿಯಾದರು. 1978ರಲ್ಲಿ ಸಾದಾತ್ ಹಾಗೂ ಇಸ್ರೇಲಿನ ವಿರೋಧಪಕ್ಷದ ನಾಯಕ ಶಿಮೋನ್ ಪೆರೆಸ್ ಎರಡು ಸಲ ಆಸ್ಟ್ರಿಯಾದ ನೆಲದಲ್ಲಿ ಮಾತಾಡಿದರು. ಇಸ್ರೇಲಿನ ಶಾಂತಿವಾದಿ ಆರ್ಯೆ ಎಲಿಯಾವ್ ಮತ್ತು ಪಿ.ಎಲ್.ಓ.ದ ಇಸ್ಸಾಂ ಸರ್ತಾವಿ ಎಂಬ ವೈದ್ಯ, ಇವರಿಬ್ಬರ ಗುಟ್ಟಿನ ಮಾತುಕತೆಗಳಿಗೂ ಕ್ರೈಸ್ಕಿಯವರ ಬೆಂಬಲವಿತ್ತು. ಅವರ ಹೆಸರಿನ ಪ್ರತಿಷ್ಠಾನದ ಪ್ರಶಸ್ತಿಯನ್ನು 1979ರಲ್ಲಿ ಈ ಇಬ್ಬರೂ ಒಟ್ಟಿಗೆ ಸ್ವೀಕರಿಸಿದರು.

1979ರ ಜುಲೈ ತಿಂಗಳಲ್ಲಿ ಅರಾಫತರು ವಿಯೆನ್ನಾಕ್ಕೆ ಬಂದರು. ಚಾನ್ಸಲರ್ ಕ್ರೈಸ್ಕಿಯವರೂ ಸೋಷಲಿಸ್ಟ್ ಇಂಟರ್‌ನ್ಯಾಷನಲ್ಲಿನ ಅಧ್ಯಕ್ಷ ವಿಲ್ಲಿ ಬ್ರಾಂಟ್ ಅವರೂ ಅವರನ್ನು ಬರಮಾಡಿಕೊಂಡರು. ಹಿಟ್ಲರನಿಂದ ತಪ್ಪಿಸಿಕೊಂಡು ಸ್ಟಾಕ್‌ಹೋಮಿನಲ್ಲಿ ಸ್ನೇಹಿತರಾದ ಇಬ್ಬರು, ಒಬ್ಬ ಯಹೂದಿ ಮತ್ತು ಒಬ್ಬ ಜರ್ಮನ್, ಪ್ಯಾಲೆಸ್ಟೀನಿ ನಾಯಕನ ಎದುರು ಕುಳಿತ ಈ ದೃಶ್ಯ ಪಶ್ಚಿಮ ಯುರೋಪಿಗೆ ಹೊಸದು. ಇಸ್ರೇಲ್ ಕಟುವಾಗಿ ಪ್ರತಿಭಟಿಸಿತು. ಅದೇ ವರ್ಷ ಆಗಸ್ಟಿನಲ್ಲಿ ವಿಯೆನ್ನಾದ ಅಂತಾರಾಷ್ಟ್ರೀಯ ಕೇಂದ್ರ ಉದ್ಘಾಟನೆಗೊಂಡು ಆ ನಗರ ನ್ಯೂಯಾರ್ಕ್ ಮತ್ತು ಜಿನೀವಾಗಳ ಬಳಿಕ ವಿಶ್ವಸಂಸ್ಥೆಯ ಮೂರನೆಯ ನೆಲೆಯಾಯಿತು. ಅತಿಥಿಗಳು ಬಂದುಹೋಗುವ ಊರನ್ನು ಯಾರೂ ಸುಲಭವಾಗಿ ಆಕ್ರಮಿಸಲಾರರು ಎಂಬ ಲೆಕ್ಕಾಚಾರವೂ ಈ ಆತಿಥ್ಯದ ಹಿಂದೆ ಇತ್ತು. ಕ್ರೈಸ್ಕಿಯವರಲ್ಲಿ ಆದರ್ಶವೂ ಸ್ವಹಿತವೂ ಬೇರೆಬೇರೆಯಾಗಿರಲಿಲ್ಲ.

1980ರ ಮಾರ್ಚಿಯಲ್ಲಿ ಆಸ್ಟ್ರಿಯಾ ಪಿ.ಎಲ್.ಓ. ಪ್ರತಿನಿಧಿಗೆ ರಾಜತಾಂತ್ರಿಕ ಮಾನ್ಯತೆ ನೀಡಿತು. ಅದೇ ತಿಂಗಳಲ್ಲಿ ಇಂದಿರಾ ಗಾಂಧಿಯವರ ಸರ್ಕಾರವೂ ದೆಹಲಿಯ ಪಿ.ಎಲ್.ಓ. ಕಚೇರಿಗೆ ಪೂರ್ಣ ರಾಜತಾಂತ್ರಿಕ ಸ್ಥಾನಮಾನ ಕೊಟ್ಟಿತೆಂಬುದು ಗಮನಾರ್ಹ. ಎರಡರ ನಡುವೆ ಒಂದು ವ್ಯತ್ಯಾಸವೂ ಉಂಟು. ಭಾರತ 1950ರಲ್ಲಿಯೇ ಇಸ್ರೇಲನ್ನು ಮಾನ್ಯಮಾಡಿದ್ದರೂ ಪೂರ್ಣ ರಾಯಭಾರ ಸಂಬಂಧ ಬೆಳೆಸಿದ್ದು 1992ರಲ್ಲಿ. ಆಸ್ಟ್ರಿಯಾಕ್ಕೆ ಇಸ್ರೇಲಿನೊಡನೆ ಆಗಲೇ ರಾಯಭಾರ ಸಂಬಂಧವಿತ್ತು. ಅದನ್ನು ಕಡಿದುಕೊಳ್ಳದೆಯೇ ಅದು ಎರಡನೆಯ ಬಾಗಿಲನ್ನು ತೆರೆಯಿತು. ಎರಡು ರಾಷ್ಟ್ರಗಳ ಸೂತ್ರವನ್ನು ನಂಬುವವರು ಇಬ್ಬರೊಡನೆಯೂ ಮಾತಾಡುವ ಸ್ಥಿತಿಯಲ್ಲಿರಬೇಕೆಂಬುದು ಇದರ ಇಂಗಿತ. ಜೂನ್‌ನಲ್ಲಿ ಯುರೋಪಿಯನ್ ಸಮುದಾಯದ ನಾಯಕರು ವೆನಿಸ್ ನಗರದಲ್ಲಿ ಸೇರಿ, ಇಸ್ರೇಲಿನ ಭದ್ರತೆಯ ಜೊತೆಗೆ ಪ್ಯಾಲೆಸ್ಟೀನಿಯರ ಸ್ವಯಂನಿರ್ಣಯದ ಹಕ್ಕನ್ನೂ ಎತ್ತಿಹಿಡಿದರು. ಸಣ್ಣ ಆಸ್ಟ್ರಿಯಾ ಮೊದಲು ತುಳಿದ ದಾರಿಯಲ್ಲಿ ದೊಡ್ಡ ದೇಶಗಳು ಕಾಲಿಡತೊಡಗಿದ್ದವು.

ತೆತ್ತ ಬೆಲೆ

ಈ ನೀತಿ ಆಸ್ಟ್ರಿಯಾಕ್ಕೆ ರಕ್ಷಾಕವಚವಾಗುವುದೆಂಬ ನಿರೀಕ್ಷೆ ಹುಸಿಯಾಯಿತು. ಸಂಧಾನವನ್ನು ದ್ರೋಹವೆಂದು ಬಗೆದ ಅಬು ನಿದಾಲ್ ಬಣ 1981ರ ಮೇ 1ರಂದು ವಿಯೆನ್ನಾದ ನಗರಾಡಳಿತದ ಸದಸ್ಯ, ಆಸ್ಟ್ರಿಯಾ–ಇಸ್ರೇಲ್ ಸಂಘದ ಅಧ್ಯಕ್ಷ ಹೈನ್ಸ್ ನಿಟ್ಟೆಲ್ ಅವರನ್ನು ಗುಂಡಿಟ್ಟು ಕೊಂದಿತು. ನಿಟ್ಟೆಲ್ ಕ್ರೈಸ್ಕಿಯವರ ಪಕ್ಷದವರೇ. ಆಗಸ್ಟ್ 29ರಂದು ವಿಯೆನ್ನಾದ ಯಹೂದಿ ಪ್ರಾರ್ಥನಾಮಂದಿರದ ಮೇಲೆ ದಾಳಿ ನಡೆದು ಇಬ್ಬರು ಸತ್ತರು. 1983ರ ಏಪ್ರಿಲ್ 10ರಂದು ಪೋರ್ಚುಗಲ್ಲಿನ ಅಲ್ಬುಫೇರಾದಲ್ಲಿ ಸೋಷಲಿಸ್ಟ್ ಇಂಟರ್‌ನ್ಯಾಷನಲ್ ಅಧಿವೇಶನ ನಡೆಯುತ್ತಿದ್ದಾಗಲೇ ಇಸ್ಸಾಂ ಸರ್ತಾವಿಯವರನ್ನು ಹೋಟೆಲಿನ ಲಾಬಿಯಲ್ಲಿ ಕೊಲ್ಲಲಾಯಿತು. ಇಸ್ರೇಲಿಯರೊಡನೆ ಬಹಿರಂಗವಾಗಿ ಮಾತಾಡಿದ್ದೇ ಅವರ ಅಪರಾಧ. ನಿಟ್ಟೆಲ್ ಇಸ್ರೇಲಿನ ಮಿತ್ರ, ಸರ್ತಾವಿ ಪ್ಯಾಲೆಸ್ಟೈನಿನ ಪ್ರತಿನಿಧಿ. ಇಬ್ಬರನ್ನೂ ಕೊಂದ ಕೈ ಒಂದೇ. ಸಂಧಾನದ ನಿಜವಾದ ಎದುರಾಳಿಗಳು ಯಾರೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಸರ್ತಾವಿಯವರ ಕೊಲೆಯಾದ ಎರಡು ವಾರಗಳಲ್ಲಿ, ಏಪ್ರಿಲ್ 24ರಂದು ನಡೆದ ಚುನಾವಣೆಯಲ್ಲಿ ಕ್ರೈಸ್ಕಿಯವರ ಪಕ್ಷ ಬಹುಮತ ಕಳೆದುಕೊಂಡಿತು. ಆ ಸೋಲಿಗೆ ದೇಶದೊಳಗಿನ ಆರ್ಥಿಕ ಸಂಗತಿಗಳು ಮುಖ್ಯ ಕಾರಣವೇ ಹೊರತು ವಿದೇಶಾಂಗ ನೀತಿಯಲ್ಲ. ಮೊದಲೇ ಹೇಳಿದ್ದಂತೆ ಅವರು ಅಧಿಕಾರ ತ್ಯಜಿಸಿದರು. ಅದೇ ವರ್ಷ ಭಾರತ ಸರ್ಕಾರ ಅವರಿಗೆ ಅಂತಾರಾಷ್ಟ್ರೀಯ ಸೌಹಾರ್ದಕ್ಕಾಗಿ ನೀಡುವ ಜವಾಹರಲಾಲ್ ನೆಹರೂ ಪ್ರಶಸ್ತಿ ಸಂದಿತು.

ಅಧಿಕಾರ ಹೋದರೂ ನಂಬಿಕೆಯ ಬಂಡವಾಳ ಉಳಿದಿತ್ತು. 1983ರ ನವೆಂಬರಿನಲ್ಲಿ ಸೆರೆಯಲ್ಲಿದ್ದ ಆರು ಮಂದಿ ಇಸ್ರೇಲಿ ಯೋಧರಿಗೆ ಪ್ರತಿಯಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಬಂದಿಗಳ ಬಿಡುಗಡೆಯಾಯಿತು. 1985ರ ಮೇ ತಿಂಗಳಲ್ಲಿ ಮೂವರು ಯೋಧರಿಗೆ ಪ್ರತಿಯಾಗಿ 1,150 ಬಂದಿಗಳು ಹೊರಬಂದರು. ಈ ಎರಡೂ ವಿನಿಮಯಗಳ ಹಿಂದೆ ಕ್ರೈಸ್ಕಿಯವರ ಮಧ್ಯಸ್ಥಿಕೆಯಿತ್ತು. ಅವರನ್ನು ಇಸ್ರೇಲಿನ ವೈರಿಯೆಂದು ಬಗೆದವರ ಮನೆಮಕ್ಕಳನ್ನೂ ಅವರು ಮನೆಗೆ ತಲುಪಿಸಿದರು. ಸಂಭಾವಿತ ವ್ಯಕ್ತಿಯೊಬ್ಬ ಎರಡೂ ಕಡೆಯವರೊಡನೆ ಮಾತು ಬಿಡದೆ ಇದ್ದರೆ ಏನು ಸಾಧ್ಯವೆಂಬುದು ಇಲ್ಲಿ ಲೆಕ್ಕಕ್ಕೆ ಸಿಗುವ ರೂಪದಲ್ಲಿಯೇ ಕಾಣುತ್ತದೆ.

ಕಪ್ಪುಚುಕ್ಕೆಗಳು

ಚರಿತ್ರೆ ಬರೆಯುವವರು ನಾಯಕನ ದೋಷಗಳನ್ನು ಮುಚ್ಚಿಟ್ಟರೆ ಗುಣಗಳೂ ನಂಬಿಕೆಗೆ ಅರ್ಹವಾಗುವುದಿಲ್ಲ. 1970ರ ಕ್ರೈಸ್ಕಿ ಸಂಪುಟದಲ್ಲಿ ಹಿಂದೆ ನಾಜಿ ಪಕ್ಷದ ಸದಸ್ಯರಾಗಿದ್ದ ಸಚಿವರು ಇದ್ದರು. ನಾಜಿ ಅಪರಾಧಿಗಳನ್ನು ಬೆನ್ನಟ್ಟುತ್ತಿದ್ದ ಸೈಮನ್ ವೀಸೆಂತಾಲ್ ಇದನ್ನು ಬಯಲಿಗೆಳೆದರು. 1975ರಲ್ಲಿ ಇನ್ನೊಂದು ಪಕ್ಷದ ನಾಯಕ ಫ್ರೀಡ್ರಿಖ್ ಪೀಟರ್ ಹಿಟ್ಲರನ ಎಸ್.ಎಸ್. ಪಡೆಯಲ್ಲಿ ಸೇವೆ ಸಲ್ಲಿಸಿದ್ದುದನ್ನೂ ಅವರು ಪ್ರಕಟಿಸಿದರು. ಕ್ರೈಸ್ಕಿ ಪೀಟರ್ ಅವರ ಪರ ನಿಂತರು. ನಾಜಿ ಶಿಬಿರಗಳಿಂದ ಬದುಕಿಬಂದ ವೀಸೆಂತಾಲರನ್ನೇ ಗೆಸ್ಟಪೊಗೆ ಮಾಹಿತಿ ಕೊಟ್ಟವರೆಂಬಂತೆ ಚಿತ್ರಿಸಿದರು. ಈ ಆರೋಪಕ್ಕೆ ಆಧಾರವಿರಲಿಲ್ಲ. 1989ರಲ್ಲಿ ನ್ಯಾಯಾಲಯ ಮಾನಹಾನಿಗಾಗಿ ಕ್ರೈಸ್ಕಿಯವರಿಗೆ ದಂಡ ವಿಧಿಸಿತು. ಹಳೆಯ ನಾಜಿಗಳನ್ನು ಪ್ರಜಾಪ್ರಭುತ್ವದ ಒಳಗೆ ತರುವುದು ವಿವೇಕವೆಂದು ಅವರು ನಂಬಿದ್ದಿರಬಹುದು. ಅದಕ್ಕಾಗಿ ನೊಂದವರೊಬ್ಬರನ್ನು ಮತ್ತೆ ನೋಯಿಸಿದ್ದು ಸಮರ್ಥನೀಯವಲ್ಲ.

1982ರ ಮಾರ್ಚಿಯಲ್ಲಿ ಲಿಬಿಯಾದ ಗದ್ದಾಫಿಯನ್ನು ವಿಯೆನ್ನಾದಲ್ಲಿ ಸ್ವಾಗತಿಸಿದ್ದೂ ತೀವ್ರ ಟೀಕೆಗೆ ಗುರಿಯಾಯಿತು. ಅದೇ ವರ್ಷ ಇಸ್ರೇಲ್ ಲೆಬನಾನಿನ ಮೇಲೆ ದಂಡೆತ್ತಿಹೋದಾಗ ಕ್ರೈಸ್ಕಿ ಆಡಿದ ಮಾತುಗಳ ಕಾವು ಇಸ್ರೇಲಿನಲ್ಲಿ ಅವರಿಗಿದ್ದ ಸ್ನೇಹಿತರನ್ನೂ ದೂರಮಾಡಿತು. ಮಧ್ಯಸ್ಥನಾದವನಿಗೆ ನಾಲಗೆಯ ಹಿಡಿತ ಮೊದಲ ಅರ್ಹತೆ. ಕೋಪ ಬಂದಾಗ ಆ ಹಿಡಿತ ಅವರಲ್ಲಿ ಸಡಿಲುತ್ತಿತ್ತು. ಪ್ಯಾಲೆಸ್ಟೀನಿಯರ ನೋವಿಗೆ ತೋರಿದ ಸಹನೆಯನ್ನು ಇಸ್ರೇಲಿಯರ ಭಯಕ್ಕೆ ಅವರು ಸದಾ ತೋರಲಿಲ್ಲವೆಂಬ ಆಕ್ಷೇಪವನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು.

ಕೊನೆಯ ವರ್ಷಗಳು

ಮೂತ್ರಪಿಂಡದ ಕಾಯಿಲೆ ಕ್ರೈಸ್ಕಿಯವರನ್ನು ಬಹುಕಾಲ ಬಾಧಿಸಿತು. 1981ರಲ್ಲಿ ಮೆಕ್ಸಿಕೋದ ಕಾನ್‌ಕೂನಿನಲ್ಲಿ ಸಿರಿವಂತ ಹಾಗೂ ಬಡ ರಾಷ್ಟ್ರಗಳ ನಾಯಕರ ಸಮ್ಮೇಳನ ನಡೆಯುವಂತೆ ಶ್ರಮಿಸಿದವರಲ್ಲಿ ಅವರು ಪ್ರಮುಖರು. ಆದರೆ ಅನಾರೋಗ್ಯದಿಂದ ಆ ಸಭೆಗೆ ತಾವೇ ಹೋಗಲಾಗಲಿಲ್ಲ. 1984ರಲ್ಲಿ ಮೂತ್ರಪಿಂಡದ ಕಸಿ ನಡೆಯಿತು. 1986 ಮತ್ತು 1988ರಲ್ಲಿ ಅವರ ಆತ್ಮಕಥೆಯ ಎರಡು ಸಂಪುಟಗಳು ಪ್ರಕಟವಾದವು. 1988ರಲ್ಲಿಯೇ ಪತ್ನಿ ವೆರಾ ತೀರಿಕೊಂಡರು.

ಅದೇ 1988ರ ನವೆಂಬರ್ 15ರಂದು ಅಲ್ಜೀರ್ಸ್‌ನಲ್ಲಿ ಸೇರಿದ ಪ್ಯಾಲೆಸ್ಟೀನಿ ರಾಷ್ಟ್ರೀಯ ಪರಿಷತ್ತು ಸ್ವತಂತ್ರ ರಾಷ್ಟ್ರದ ಘೋಷಣೆ ಹೊರಡಿಸಿತು. 1947ರ ವಿಭಜನೆಯ ನಿರ್ಣಯವನ್ನೇ ಅದಕ್ಕೆ ಆಧಾರವಾಗಿಸಿತು. ಡಿಸೆಂಬರಿನಲ್ಲಿ ಸ್ವೀಡನ್ನಿನ ವಿದೇಶಾಂಗ ಸಚಿವ ಸ್ಟೆನ್ ಆಂಡರ್ಸನ್ ಅವರ ಪ್ರಯತ್ನದಿಂದ ಅರಾಫತರು ಸ್ಟಾಕ್‌ಹೋಮಿನಲ್ಲಿ ಅಮೆರಿಕದ ಯಹೂದಿ ಪ್ರಮುಖರನ್ನು ಭೇಟಿಯಾದರು. ಮರುವಾರವೇ ಜಿನೀವಾದಲ್ಲಿ ಭಯೋತ್ಪಾದನೆಯನ್ನು ತ್ಯಜಿಸಿ, ಇಸ್ರೇಲಿನ ಬದುಕುವ ಹಕ್ಕನ್ನು ಒಪ್ಪಿದರು. ಕ್ರೈಸ್ಕಿ ಒಂಬತ್ತು ವರ್ಷಗಳ ಹಿಂದೆ ವಿಯೆನ್ನಾದಲ್ಲಿ ಬಿತ್ತಿದ್ದು, ಅವರಿಗೆ ಆಶ್ರಯವಿತ್ತ ಊರಿನಲ್ಲಿ ಮೊಳೆಯಿತು.

ಬ್ರೂನೋ ಕ್ರೈಸ್ಕಿ 1990ರ ಜುಲೈ 29ರಂದು ವಿಯೆನ್ನಾದಲ್ಲಿ ನಿಧನರಾದರು. ಆಗಸ್ಟ್ 7ರಂದು ನಡೆದ ಅಂತ್ಯಸಂಸ್ಕಾರದಲ್ಲಿ ವಿಲ್ಲಿ ಬ್ರಾಂಟ್ ಗೆಳೆಯನಿಗೆ ವಿದಾಯ ಹೇಳಿದರು. ಮರುವರ್ಷದ ಅಕ್ಟೋಬರಿನಲ್ಲಿ ಮ್ಯಾಡ್ರಿಡ್ ಸಮ್ಮೇಳನ ಸೇರಿತು. 1993ರಲ್ಲಿ, ಮತ್ತೊಂದು ಸಣ್ಣ ದೇಶವಾದ ನಾರ್ವೆಯ ಸರ್ಕಾರ ಗುಟ್ಟಾಗಿ ನಡೆಸಿಕೊಟ್ಟ ಮಾತುಕತೆಗಳ ಫಲವಾಗಿ, ಇಸ್ರೇಲ್ ಮತ್ತು ಪಿ.ಎಲ್.ಓ. ಪರಸ್ಪರ ಮಾನ್ಯತೆ ನೀಡಿದವು. 1979ರಲ್ಲಿ ಅಪಚಾರವೆನಿಸಿದ್ದ ಕೈಕುಲುಕು ಆ ಸೆಪ್ಟೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ಜಗತ್ತಿನ ಹರ್ಷಕ್ಕೆ ಕಾರಣವಾಯಿತು.

ಅನಂತರದ ಕಥೆ ಹರ್ಷದ್ದಲ್ಲ. 1995ರ ನವೆಂಬರ್ 4ರಂದು ಇಸ್ರೇಲಿನ ಪ್ರಧಾನಿ ರಾಬಿನ್ ಅವರನ್ನು ಅವರದೇ ದೇಶದ ಯಹೂದಿಯೊಬ್ಬ ಕೊಂದನು. ಮಾತುಕತೆ ಮುರಿಯಿತು, ವಸಾಹತುಗಳು ಬೆಳೆದವು, ಆತ್ಮಾಹುತಿ ದಾಳಿಗಳು ಹೆಚ್ಚಿದವು. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು. ತರುವಾಯದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಮಡಿದರು. 2025ರ ಸೆಪ್ಟೆಂಬರ್ 12ರಂದು ವಿಶ್ವಸಂಸ್ಥೆಯ ಮಹಾಸಭೆ ಎರಡು ರಾಷ್ಟ್ರಗಳ ಪರಿಹಾರವನ್ನು ಬೆಂಬಲಿಸುವ ಘೋಷಣೆಯನ್ನು 142 ಮತಗಳಿಂದ ಅಂಗೀಕರಿಸಿತು. ಭಾರತವೂ ಪರವಾಗಿ ಮತ ನೀಡಿತು. ಅದೇ ತಿಂಗಳಲ್ಲಿ ಬ್ರಿಟನ್, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳು ಪ್ಯಾಲೆಸ್ಟೈನ್ ರಾಷ್ಟ್ರಕ್ಕೆ ಮಾನ್ಯತೆ ಕೊಟ್ಟವು. ನಲವತ್ತೈದು ವರ್ಷಗಳ ಹಿಂದೆ ಎಲ್ಲರಿಗಿಂತ ಮುಂದೆ ನಡೆದಿದ್ದ ಆಸ್ಟ್ರಿಯಾ ಆ ಸಾಲಿನಲ್ಲಿ ಸೇರಲಿಲ್ಲ. ಸರ್ಕಾರಗಳ ನೀತಿ ವ್ಯಕ್ತಿಗಳ ಧೈರ್ಯವನ್ನು ಎಷ್ಟು ಅವಲಂಬಿಸಿರುತ್ತದೆ ಎಂಬುದಕ್ಕೆ ಇದೂ ಒಂದು ನಿದರ್ಶನ.

ಕ್ರೈಸ್ಕಿಯವರ ಬದುಕನ್ನು ಸೋಲಿನ ಕಥೆಯೆಂದು ಓದುವುದು ಸಾಧ್ಯ. ಆದರೆ ದಕ್ಷಿಣ ಟಿರೋಲಿನ ಕಡತವನ್ನು ತೆರೆದು ನೋಡಿದರೆ ಮನಸ್ಸು ತುಸು ತಾಳ್ಮೆ ಕಲಿಯುತ್ತದೆ. 1960ರಲ್ಲಿ ಅವರು ಆರಂಭಿಸಿದ ವ್ಯಾಜ್ಯ ಮುಗಿಯಲು ಮೂವತ್ತೆರಡು ವರ್ಷ ಹಿಡಿಯಿತು. ಇಂದು ಆ ಕಣಿವೆಯ ಮಕ್ಕಳು ತಮ್ಮ ತಮ್ಮ ನುಡಿಯ ಶಾಲೆಗೆ ಹೋಗುತ್ತಾರೆ. ಸೆರೆಮನೆಯ ಕೋಣೆಯಲ್ಲಿ ಶತ್ರುವಿನ ಪಕ್ಕದಲ್ಲಿ ಮಲಗಿ, ಪರದೇಶದಲ್ಲಿ ನಿರಾಶ್ರಿತನಾಗಿ ಬಾಳಿ, ತನ್ನವರನ್ನು ಕಳೆದುಕೊಂಡ ಊರಿಗೇ ಮರಳಿದ ಮನುಷ್ಯನಿಗೆ, ನೆಲೆ ಕಳೆದುಕೊಂಡ ಇನ್ನೊಂದು ಜನಾಂಗದ ಅಳಲು ಕೇಳಿಸಿತು. ಅದನ್ನು ಕೇಳಿಸಿಕೊಂಡ ಮೇಲೆ ಸುಮ್ಮನಿರಲು ಅವರಿಂದ ಆಗಲಿಲ್ಲ. ಅವರು ಹಾಕಿಸಿದ ಮೇಜು ಈಗಲೂ ವಿಯೆನ್ನಾದಲ್ಲಿದೆ. ಅದರ ಎರಡು ಬದಿಗೆ ಕೂರಬೇಕಾದವರು ಇನ್ನೂ ಬಂದಿಲ್ಲ.